ಫೋನಿನ ಹಿತ್ತಲಲ್ಲೊಂದು ತಿಪ್ಪೆ

ಕಳೆದ ರವಿವಾರ ಬೆಳಿಗ್ಗೆ ಅವ್ವನ ದನಿಯನ್ನು ನಾನೇ ಅಳಿಸಿಬಿಟ್ಟೆ.

ಬೇಕಂತ ಅಲ್ಲ. ಫೋನಿನಲ್ಲಿ ಜಾಗ ಇಲ್ಲ ಎಂಬ ಸೂಚನೆ ಬಂತು. ಅಷ್ಟಕ್ಕೇ ನನಗೆ ಗಾಬರಿ. (ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಊರಾಚೆಯ ಗಬ್ಬೂರ ಬೈಪಾಸ್‌ನಿಂದ ಗಾಡಿ ತಿರುಗಿಸಿಕೊಂಡು ಬಂದವನು ನಾನು.) ಗುಡ್ ಮಾರ್ನಿಂಗ್ ವಿಡಿಯೋಗಳನ್ನೆಲ್ಲ ರಾಶಿ ಹಾಕಿ ಡಿಲೀಟ್ ಒತ್ತಿದೆ. ಒತ್ತಿದ ಮೇಲೆ ಹೊಳೆಯಿತು, ಅವ್ವ ಹಿಂದೊಮ್ಮೆ ಊರಿಂದ ಕಳಿಸಿದ್ದ ವಿಡಿಯೋನೂ ಅದೇ ರಾಶಿಯಲ್ಲಿತ್ತು. ಅವ್ವ ಹೋದ ಮೇಲೆ ನನ್ನಲ್ಲಿ ಉಳಿದಿದ್ದ ಅವಳ ದನಿ ಅದೊಂದೇ.

ಅಡುಗೆಮನೆಗೆ ಓಡಿದೆ. ಹೆಂಡತಿ ಶೈಲಾ ರೊಟ್ಟಿ ಬಡಿಯುತ್ತಿದ್ದಳು. ವಿದ್ಯಾನಗರದ ಹೈಸ್ಕೂಲೊಂದರಲ್ಲಿ ಅವಳು ಭೂಗೋಳದ ಟೀಚರ್.

“ಹೋತು! ಅವ್ವನ ವಿಡಿಯೋ ಹೋತು!”

“ಎಲ್ಲಿಗೆ ಹೋತ್ರಿ?”

ಸಿಟ್ಟು ನೆತ್ತಿಗೇರಿತು. ಕಣ್ಣಿಗೆ ಕಾಣದ ಇಂಟರ್ನೆಟ್ಟಿನಲ್ಲಿ ‘ಎಲ್ಲಿಗೆ’ ಅಂತ ಒಂದಿರುತ್ತದೆಯೇ?

“ಹೋದದ್ದು ಎಲ್ಲಿಗರ ಹೋಗಿರಬೇಕಲ್ಲ? ಒದರಬ್ಯಾಡ್ರಿ, ಇಲ್ಲೆ ನೋಡ್ರಿ.” ಅಡುಗೆಕಟ್ಟೆಯ ಮೇಲೆ ಹರಡಿದ್ದ ಜೋಳದ ಹಿಟ್ಟಿನಲ್ಲೇ ಬೆರಳಿಂದ ಗೆರೆ ಎಳೆದಳು. “ಇದು ನಿಮ್ಮೂರು ಉಪ್ಪಿನಬೆಟಗೇರಿ ಅಂತ ತಿಳೀರಿ. ಈ ಮನಿ, ನಿಮ್ಮ ಫೋನು. ಮುಂದಿನ ಕಟ್ಟಿ, ನಿಮ್ಮ ಫ್ಯಾಮಿಲಿ ಗ್ರೂಪು. ಕೆಲಸಿಲ್ಲದವರು ಕುಂತು ಸುದ್ದಿ ಹಬ್ಬಸ್ತಾರ.” (ನನ್ನ ಕಡೆ ನೋಡಿದಳು.) “ಅದರಾಚಿ ದೊಡ್ಡ ರಸ್ತೆ, ಇಂಟರ್ನೆಟ್. ಗುರುತಿಲ್ಲದವರು ಗಾಡಿ ನಿಲ್ಲಿಸಿ ಹತ್ರಿ ಅಂದ್ರ ಹತ್ತಬಾರದು. ಈಗ ಹೇಳ್ರಿ, ಅತ್ತಿ ಊರಾಗ ಕಸಾ ಗುಡಿಸಿ ಎಲ್ಲಿ ಒಗೀತಿದ್ರು?”

“ಹಿತ್ತಲದಾಗ. ತಿಪ್ಪಿಗೆ.”

“ತಿಪ್ಪಿ ಹೊಲಕ್ಕ ಯಾವಾಗ ಹೋಗತಿತ್ತು?”

“ಮಳಿಗಾಲಕ್ಕ ಮೊದಲ, ಎತ್ತಿನ ಚಕ್ಕಡಿ ಹೂಡಿದಾಗ.”

“ಅಲ್ಲೀತನಕ?”

ಅಲ್ಲೀತನಕ ಅಲ್ಲೇ ಬಿದ್ದಿರುತ್ತಿತ್ತು! ಒಮ್ಮೆ ಅವ್ವನ ಮೂಗುತಿ ಕಸದ ಜೋಡಿ ಹೋಗಿ, ಇಡೀ ಮಧ್ಯಾಹ್ನ ತಿಪ್ಪೆ ಕೆದರಿ ಅದನ್ನವಳು ಹುಡುಕಿ ತಂದದ್ದೂ ನೆನಪಾಯಿತು.

ಫೋನಿಗೂ ಹಿತ್ತಲಿದೆ. ಅಲ್ಲಿಯ ತಿಪ್ಪೆಗೆ ಟ್ರ್ಯಾಶ್ ಎಂದು ಹೆಸರು, ಶೈಲಾಳೇ ಹೇಳಿಕೊಟ್ಟಳು. ಅದನ್ನು ಖಾಲಿ ಮಾಡುವ ಚಕ್ಕಡಿ ಇನ್ನೂ ಬಂದಿರಲಿಲ್ಲ. ಒಂದೊಂದಾಗಿ ಕೆದರಿದೆ. ಗುಲಾಬಿ ಹೂವು, ಸೂರ್ಯೋದಯ, ಮತ್ತೊಂದು ಗುಲಾಬಿ... ಅದರ ಕೆಳಗೆ ಅವ್ವ!

ಇಷ್ಟು ವರ್ಷ ಫೋನೆಂದರೆ ನನಗೆ ತಳವಿಲ್ಲದ ಬಾವಿಯಾಗಿತ್ತು. ಎಲ್ಲಿ ಕೈ ಇಟ್ಟರೂ ಅಂಜಿಕೆ. ಅದಕ್ಕೊಂದು ಮನೆ, ಕಟ್ಟೆ, ರಸ್ತೆ, ಹಿತ್ತಲು ಕೊಟ್ಟು ನನ್ನನ್ನು ಕೈಹಿಡಿದು ಒಳಗೆ ಅಡ್ಡಾಡಿಸಿದಳಲ್ಲ ಇವಳು! ಇವಳ ಕ್ಲಾಸಿನ ಮಕ್ಕಳು ಪುಣ್ಯವಂತರು. ಹಾಗಂತ ಹೇಳಿಯೂ ಬಿಟ್ಟೆ.

“ಹೊಗಳೂದು ಸಾಕ್ರಿ, ಮೊದಲ ಅದನ್ನ ಹಚ್ಚರಿ” ಎಂದವಳು ನಕ್ಷೆಯ ಮೇಲೆಯೇ ಮುಂದಿನ ರೊಟ್ಟಿ ಬಡಿಯತೊಡಗಿದಳು.

ಹಚ್ಚಿದೆ. ಅವ್ವ ಎಂದಿನಂತೆ ಫೋನನ್ನು ಮೂಗಿಗೆ ತಾಗಿಸಿಕೊಂಡು ಕೂಗಿದಳು: “ಊರು ಮುಟ್ಟಿದ್ಯೋ ಇಲ್ಲೋ? ಎಲ್ಲಿ ಅದೀಯಪಾ?”

ಫೋನಿನ ಹಿತ್ತಲಲ್ಲಿ ನಿಂತವನು ಈಗ ಅವ್ವನಿಗೆ ಏನಂತ ವಿಳಾಸ ಹೇಳಲಿ?