ಅತ್ತೆಮನೆಯ ಮುಂದಿನ ಕಸದ ತೊಟ್ಟಿ

ನಮ್ಮತ್ತೆಯ ಸೀರೆ ಸದಾ ಕಣಕಾಲಿಗಿಂತ ನಾಲ್ಕು ಬೆರಳು ಮೇಲೇ ಇರುತ್ತಿತ್ತು. ಕಾಲಲ್ಲಿ ಗಂಡಸರು ಹಾಕುವಂಥ ದಪ್ಪ ಚಪ್ಪಲಿ, ಕೈಯಲ್ಲಿ ಕರೀ ಕೊಡೆ. ಆ ಕೊಡೆ ಬಿಚ್ಚಿದ್ದನ್ನು ನಾನು ನೋಡಿದ್ದು ಕಡಿಮೆ. ಅದರ ಮೊನೆಯಿಂದ ಚರಂಡಿಯಲ್ಲಿ ಕಟ್ಟಿಕೊಂಡ ಎಲೆ, ಚಿಂದಿ ಕೆದಕಿ, ನೀರು ಹರಿಯುತ್ತದೋ ಇಲ್ಲವೋ ನೋಡುತ್ತಿದ್ದರು. ಸೀರೆ ಯಾಕೆ ಇಷ್ಟು ಮೇಲೆ ಎಂದು ಯಾರಾದರೂ ಕೇಳಿದರೆ, "ನೆಲ ಗುಡಿಸೋಕೆ ಪೊರಕೆ ಇದೆಯಲ್ಲ" ಎನ್ನುತ್ತಿದ್ದರು.

ಅವರು ನಮ್ಮ ವಾರ್ಡಿನ ಕೌನ್ಸಿಲರ್. ಜಯನಗರ ಆಗ ಇನ್ನೂ ಅರ್ಧ ಊರು, ಅರ್ಧ ಬಯಲು. ಒಂದು ಮನೆ ಕಟ್ಟಿದ್ದರೆ ಪಕ್ಕದ ಎರಡು ಸೈಟು ಖಾಲಿ. ಹೆಂಗಸರು ಎಲೆಕ್ಷನ್ನಿಗೆ ನಿಲ್ಲುವುದೇ ಅಪರೂಪವಾಗಿದ್ದ ಕಾಲದಲ್ಲಿ ಅತ್ತೆ ನಿಂತರು, ಗೆದ್ದರು, ಗೆದ್ದ ಮರುದಿನದಿಂದಲೇ ಗೆಲ್ಲಿಸಿದವರ ಪ್ರಾಣ ತಿನ್ನತೊಡಗಿದರು. ಬಚ್ಚಲ ನೀರು ಬೀದಿಗೆ ಬಿಡಬೇಡಿ, ಹೊಂಗೆ ಸಸಿಗೆ ಹಸು ಕಟ್ಟಬೇಡಿ ಎಂದು ಬೆಳಿಗ್ಗೆಯೇ ಗೇಟು ಬಡಿಯುವ ಕೌನ್ಸಿಲರನ್ನು ಯಾರು ತಾನೇ ಬಯಸುತ್ತಾರೆ?

ಬೀದಿ ನಲ್ಲಿಯ ಕೆಳಗೆ ಎಮ್ಮೆ ತೊಳೆಯುತ್ತಿದ್ದ ಹಾಲಿನವನೊಬ್ಬನನ್ನು ಒಮ್ಮೆ ಹಿಡಿದು ನಿಲ್ಲಿಸಿದರು.

"ಎಮ್ಮೇಗೂ ಸ್ನಾನ ಬೇಡ್ವಾ ಅಕ್ಕಾ?" ಎಂದ ಅವನು.

"ಬೇಕು ಕಣಪ್ಪ, ಕೆರೇಲಿ ಮಾಡ್ಸು. ಇದು ಕುಡಿಯೋ ನೀರು."

"ನೀವು ಕುಡಿಯೋ ಹಾಲೂ ಇದರದ್ದೇ ಅಲ್ವಾ?"

ಅತ್ತೆಗೆ ನಗು ಬಂತು. ಆದರೂ ಎಮ್ಮೆ ಅಲ್ಲಿಂದ ಹೋಗುವತನಕ ಕದಲಲಿಲ್ಲ.

ಇದೆಲ್ಲ ನಾನು ಅಳಿಯನಾದ ಮೇಲೆ ಕಂಡದ್ದು. ಮೊದಲು ಕಂಡದ್ದು ಹೆಣ್ಣು ನೋಡಲು ಹೋದ ದಿನ. ನಾನು ಬೆಂಗಳೂರಿನ ಬ್ಯಾಂಕೊಂದರಲ್ಲಿ ಗುಮಾಸ್ತ. ಅಪ್ಪ ತೀರಿಕೊಂಡಿದ್ದರು, ಅಮ್ಮ ಮೈಸೂರಿನಲ್ಲಿದ್ದರು. ಆ ದಿನಕ್ಕೆಂದೇ ಅಮ್ಮ ರೈಲಿನಲ್ಲಿ ಬಂದರು. ಇಬ್ಬರೂ ಜಟಕಾದಲ್ಲಿ ಜಯನಗರಕ್ಕೆ ಹೋದೆವು.

ಮನೆಯ ಗೇಟಿನ ಪಕ್ಕ ಹೊಂಗೆ ಮರ, ಮರದ ಕೆಳಗೆ ಸೊಂಟದೆತ್ತರದ ದುಂಡನೆಯ ಸಿಮೆಂಟು ಕಟ್ಟೆ. ಸುಣ್ಣ ಬಳಿದು ಕೆಮ್ಮಣ್ಣಿನ ಪಟ್ಟೆ ಎಳೆದಿದ್ದರು. ಸುತ್ತ ರಂಗೋಲಿ. ಅಮ್ಮ ಜಟಕಾ ಇಳಿದವರೇ ಚಪ್ಪಲಿ ಬಿಟ್ಟರು. "ಬಾಗಿಲಲ್ಲೇ ದೇವರ ಕಟ್ಟೆ! ಎಷ್ಟು ಲಕ್ಷಣವಾಗಿದೆ!" ಎಂದು ಕಟ್ಟೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಎದುರುಗೊಳ್ಳಲು ಬಂದಿದ್ದ ಮಾವ ಬಾಯಿ ತೆರೆದವರು ಹಾಗೆಯೇ ಮುಚ್ಚಿಕೊಂಡರು. ಅವರ ಹಿಂದಿನಿಂದ ಅತ್ತೆ ಬಂದರು.

"ಬನ್ನಿ ಅಮ್ಮಾ. ಮೊದಲು ಕೈ ತೊಳ್ಕೊಳಿ. ಅದು ಕಸದ ತೊಟ್ಟಿ."

ನಡೆದದ್ದು ಇಷ್ಟು. ಬೀದಿಗೊಂದು ತೊಟ್ಟಿ ಬೇಕೆಂದು ಅತ್ತೆ ಕಾರ್ಪೊರೇಷನ್ನಿನಲ್ಲಿ ಜಗಳವಾಡಿ ತಂದಿದ್ದರು. ತೊಟ್ಟಿ ಎಲ್ಲರಿಗೂ ಬೇಕು, ತಮ್ಮ ಮನೆ ಮುಂದೆ ಮಾತ್ರ ಬೇಡ. ಒಬ್ಬರಿಗೆ ಅದು ಈಶಾನ್ಯ ಮೂಲೆಯಾಯಿತು, ಇನ್ನೊಬ್ಬರಿಗೆ ದೇವರ ಮನೆ ಕಿಟಕಿಗೆ ನೇರವಾಯಿತು. ಇಟ್ಟ ತೊಟ್ಟಿ ಬೆಳಗಾಗುವಷ್ಟರಲ್ಲಿ ಪಕ್ಕದ ಮನೆಗೆ ಉರುಳಿರುತ್ತಿತ್ತು. ಕೊನೆಗೆ ಅತ್ತೆ ತಮ್ಮ ಗೇಟಿನ ಪಕ್ಕವೇ ನಿಲ್ಲಿಸಿ, ಬುಡಕ್ಕೆ ಗಾರೆ ಹಾಕಿಸಿಬಿಟ್ಟರು. ಬೀಗರು ಬರುವ ದಿನವಾದರೂ ಅದು ಕಾಣದಿದ್ದರೆ ಸಾಕೆಂದು ಮಾವನಿಗೆ ಆಸೆ. ಸರಿಸಲಾಗದ್ದನ್ನು ಪಾಪ, ಅವರು ಬಾಯಿಗೆ ಹಲಗೆ ಮುಚ್ಚಿ ಸಿಂಗರಿಸಿದ್ದರು.

ಅಮ್ಮ ಉಪ್ಪಿಟ್ಟು ಮುಟ್ಟಲಿಲ್ಲ, ಕೇಸರಿಬಾತನ್ನು ನೋಡಲೂ ಇಲ್ಲ. ಕಾಫಿ ತಂದ ಹುಡುಗಿ ತುಟಿ ಕಚ್ಚಿಕೊಂಡು ನಗು ತಡೆಯುತ್ತಿದ್ದಳು. ನನಗೂ ನಗು ಬಂತು. ಆ ಕ್ಷಣದಿಂದ ಬೇರೆ ಹೆಣ್ಣು ನೋಡುವ ಆಸೆಯೇ ನನಗೆ ಹೋಯಿತು.

ಅಮ್ಮನ ಮಾತು ಮಾತ್ರ ಖಡಾಖಂಡಿತ. ತೊಟ್ಟಿ ಅಲ್ಲಿಂದ ತೆಗೆಸಿದರೆ ಮಾತು ಮುಂದುವರಿಸೋಣ, ಇಲ್ಲದಿದ್ದರೆ ಇಲ್ಲಿಗೇ ಬಿಡೋಣ ಎಂದು ನೆಂಟರೊಬ್ಬರ ಮೂಲಕ ಹೇಳಿಕಳಿಸಿದರು. ನಾನು ಎದುರಾಡಲಿಲ್ಲ, ಊಟವೂ ಸೇರಲಿಲ್ಲ. ಅದಕ್ಕೆ ಉತ್ತರವಾಗಿ ಅತ್ತೆಯೇ ಮೈಸೂರಿಗೆ ಬಂದರು, ಒಬ್ಬರೇ, ಕೊಡೆ ಹಿಡಿದುಕೊಂಡು. ಭಾನುವಾರವಾದ್ದರಿಂದ ನಾನೂ ಊರಿಗೆ ಬಂದಿದ್ದೆ.

"ಒಂದು ತೊಟ್ಟಿ ಪಕ್ಕಕ್ಕೆ ಸರಿಸೋಕಾಗಲ್ವೇನ್ರೀ? ನೀವೇ ಅಲ್ವೇ ಕೌನ್ಸಿಲರ್ರು?" ಎಂದರು ಅಮ್ಮ.

"ಅದಕ್ಕೇ ಆಗಲ್ಲ. ಬೀದೀಲಿ ಎಲ್ಲರೂ ಬೇಡ ಅಂದ್ರು. ನಾನೂ ಬೇಡ ಅಂದ್ರೆ ಕಸ ಮತ್ತೆ ಖಾಲಿ ಸೈಟಿಗೇ ಹೋಗತ್ತೆ."

"ಹೋದ್ರೆ ಹೋಗ್ಲಿ. ಮಗಳಿಗಿಂತ ಹೆಚ್ಚೇ?"

ಅತ್ತೆ ಕೈಯಲ್ಲಿದ್ದ ಕೊಡೆಯನ್ನು ಗೋಡೆಗೆ ಒರಗಿಸಿದರು. "ನಂಗೊಬ್ಬ ಮಗ ಇದ್ದ ಕಣ್ರೀ. ಇನ್ನೂ ತೊದಲು ಮಾತು. ಆ ಸೈಟಿನ ನೊಣ ನಮ್ಮ ಅಡುಗೆಮನೆಗೇ ಬರ್ತಿತ್ತು. ಬೇಸಗೇಲಿ ವಾಂತಿಭೇದಿ ಆಯ್ತು, ಉಳೀಲಿಲ್ಲ. ಅದೇ ಕಾರಣವೋ ಅಲ್ವೋ, ನಂಗೊತ್ತಿಲ್ಲ. ಅಲ್ಲಿ ಕಸ ಹಾಕ್ತಿದ್ದೋರಲ್ಲಿ ನಾನೂ ಒಬ್ಬಳು. ಅದು ಗೊತ್ತು."

ಅಮ್ಮ ಎದ್ದು ಅಡುಗೆಮನೆಗೆ ಹೋದರು. ಅತ್ತೆಯೂ ಹಿಂದೆಯೇ ಹೋದರು. ಒಳಗೆ ಅವರಿಬ್ಬರೂ ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ. ಕಾಫಿಗೆ ಇಟ್ಟ ನೀರು ಇಂಗಿ ಪಾತ್ರೆ ಸೀದ ವಾಸನೆ ಬಂತು. ಹೊರಗೆ ಬಂದಾಗ ಇಬ್ಬರ ಕಣ್ಣೂ ಕೆಂಪಾಗಿತ್ತು.

"ತೊಟ್ಟಿ ಇಷ್ಟ ಆಗದಿದ್ರೆ ಮದುವೆ ಛತ್ರದಲ್ಲಿ ಮಾಡ್ಕೊಡ್ತೀನಿ" ಎಂದರು ಅತ್ತೆ.

"ಛತ್ರ ಯಾಕೆ ದಂಡ? ಮನೆ ಮುಂದೇನೇ ಚಪ್ಪರ ಹಾಕ್ಸಿ. ಅದೊಂದನ್ನ ಜಮಖಾನ ಹೊದಿಸಿ ಮುಚ್ಚಿದ್ರಾಯ್ತು."

"ಮುಚ್ಚಿದ್ರೆ ಉಂಡೆಲೆ ಎಲ್ಲಿಗೆ ಹಾಕೋದು?"

ಅಮ್ಮ ನಕ್ಕುಬಿಟ್ಟರು. ನನ್ನ ಮದುವೆ ನಿಶ್ಚಯವಾದದ್ದು ಹಾಗೆ. ಮದುವೆಯ ದಿನ ಅತ್ತೆ ರೇಷ್ಮೆ ಸೀರೆ ಎತ್ತಿ ಕಟ್ಟಿ, ಎಲೆ ತೊಟ್ಟಿಯ ಹೊರಗೆ ಬೀಳದಂತೆ ಕಾವಲು ನಿಂತಿದ್ದರು. ಧಾರೆಗೆ ಅವರನ್ನು ಹುಡುಕಿ ಕರೆತರಬೇಕಾಯಿತು.

ಮುಂದಿನ ಎಲೆಕ್ಷನ್ನಿನಲ್ಲಿ ಅತ್ತೆ ಸೋತರು. ಯಾರ ಮನೆ ಮುಂದೆಯೂ ತೊಟ್ಟಿ ಇಡುವುದಿಲ್ಲವೆಂದು ಮಾತು ಕೊಟ್ಟವನು ಗೆದ್ದ. ನನಗೆ ರೇಗಿಹೋಯಿತು, ಅವರಿಗೆ ರೇಗಲಿಲ್ಲ. "ನನ್ನ ತೆಗೆದ್ರು ಅಳಿಯಂದ್ರೇ, ತೊಟ್ಟಿ ತೆಗೀಲಿಲ್ಲವಲ್ಲ" ಎಂದು ನಕ್ಕರು. ನಾವು ಅದೇ ಬೀದಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದೆವು. ನನ್ನ ಎರಡೂ ಮಕ್ಕಳು ಅಲ್ಲಿಯೇ ಮಣ್ಣಾಡಿ ಬೆಳೆದರು. ಅವರು ಹೊರಗಿನಿಂದ ಬಂದಾಗಲೆಲ್ಲ ಅಜ್ಜಿ ಬಚ್ಚಲ ಬಾಗಿಲಲ್ಲಿ ಚೊಂಬು ಹಿಡಿದು ನಿಂತಿರುತ್ತಿದ್ದರು. ಅಮ್ಮ ವರ್ಷಕ್ಕೆರಡು ಸಲ ಮೈಸೂರಿನಿಂದ ಬರುತ್ತಿದ್ದರು. ಬಂದರೆ ನಮ್ಮ ಮನೆಯಲ್ಲಿ ಇರುತ್ತಿದ್ದದ್ದು ಊಟದ ಹೊತ್ತಿಗೆ ಮಾತ್ರ. ಉಳಿದ ಹೊತ್ತೆಲ್ಲ ಬೀಗಿತ್ತಿಯರಿಬ್ಬರೂ ಅತ್ತೆಯ ಜಗಲಿಯಲ್ಲಿ ಕೂತು ಅವರೆಕಾಳು ಬಿಡಿಸುತ್ತಿದ್ದರು. ನಾನು ಹತ್ತಿರ ಹೋದರೆ ಮಾತು ನಿಲ್ಲಿಸುತ್ತಿದ್ದರು. ನನ್ನ ಮೇಲಿನ ದೂರುಗಳೇ ಇರಬೇಕೆಂದು ನಾನು ಅಂದುಕೊಂಡಿದ್ದೆ.

ಅರವತ್ತರ ದಶಕ ಮುಗಿಯುವ ಮೊದಲೇ ಅತ್ತೆ ಹೋದರು. ಎದೆನೋವು ಎಂದವರು ಆಸ್ಪತ್ರೆಗೆ ಹೊರಡುವಷ್ಟು ಸಮಯವನ್ನೂ ಕೊಡಲಿಲ್ಲ. ಸುದ್ದಿ ಕೇಳಿ ಅಮ್ಮ ಮೈಸೂರಿನಿಂದ ಬಂದರು. ಅತ್ತೆಯ ತಲೆದೆಸೆಯಲ್ಲಿ ಕುಸಿದು ಕೂತು ಅತ್ತರು. ಅಪ್ಪ ಹೋದಾಗಲೂ ಅವರು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ.

ಬೀದಿಯ ಹೆಂಗಸೊಬ್ಬರು ಸಮಾಧಾನ ಮಾಡಲು ಬಂದು, "ಬೀಗಿತ್ತಿಗೋಸ್ಕರ ಇಷ್ಟು ಅಳೋರನ್ನ ನಾನು ಕಂಡಿಲ್ಲಮ್ಮ" ಎಂದರು.

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ಇವನಿಗಿಂತ ಮುಂಚೆ ಹುಟ್ಟಿದ್ದ ಎರಡು ಕೂಸು, ಒಂದು ಗಂಡು ಒಂದು ಹೆಣ್ಣು, ನಂಗೆ ಉಳೀಲಿಲ್ಲ. ಅವುಗಳ ಹೆಸರೆತ್ತಬೇಡ ಅಂದಿದ್ರು ಮನೇಲಿ. ಎತ್ತಲಿಲ್ಲ. ಇವಳ ಹತ್ರ ಮಾತ್ರ ಹೇಳ್ಕೊಂಡಿದ್ದೆ. ಇನ್ನು ಯಾರ ಹತ್ರ ಹೇಳ್ಲಿ?"

ನನಗೊಬ್ಬ ಅಣ್ಣ, ಒಬ್ಬಳು ಅಕ್ಕ ಇದ್ದರೆಂದು ನನಗೆ ಗೊತ್ತಾದದ್ದು ಅವತ್ತು.