ಕೆಚ್ಚು ಅನ್ನೋ ಬಟನ್

ಫೋರ್ಕ್ ಮಾಡೋದು ತಪ್ಪಲ್ಲ. ಇದನ್ನ ನನಗ ನಾನೇ ಹೇಳ್ಕೊಂಡು ಹೇಳ್ಕೊಂಡು ಈಗ ನನಗೇ ಬ್ಯಾಸರ ಬಂದೈತಿ. ನಾನು ಫೋರ್ಕ್ ಮಾಡಿದ್ದು ಕೋಡನ್ನ ಎಲ್ಲಾರ ಮುಂದ ತೆರದಿಟ್ಟ ಸಾಫ್ಟ್‌ವೇರ್. ಯಾರು ಬೇಕಾದ್ರೂ ನಕಲು ತಗೊಂಡು, ತಿದ್ದಿ, ತಮ್ಮ ದಾರಿ ತಾವು ಹಿಡೀಬಹುದು, ಅದಕ್ಕೇ ಫೋರ್ಕ್ ಅಂತಾರ. ಬರದವರೇ ಹಂಗಂತ ಪರವಾನಗಿ ಕೊಟ್ಟಾರ. ಮತ್ತ ಯಾಕ ಇನ್ನೂ ಹೇಳ್ಕೊಂತನೇ ಇದ್ದೀನಿ?

ಬರದವರು ತೆಲಂಗಾಣದ ಗದ್ವಾಲದ ಒಬ್ಬ ಅಕ್ಕಾರು. ಶಾಲ್ಯಾಗ ಲೆಕ್ಕ ಕಲಸ್ತಾರ, ಮನ್ಯಾಗ ಮಗ್ಗ ಐತಿ. ಸೀರಿ ಅಂಚನ್ನ ಫೋನಿನಾಗ ಚೌಕ ಚೌಕ ತುಂಬಿ ಬಿಡಿಸೋದಕ್ಕ ಒಂದು ಸಾಫ್ಟ್‌ವೇರ್ ಮಾಡಿ ಪುಕ್ಕಟ ಇಟ್ಟಿದ್ರು. ನಾನು ಗಡಿ ಹತ್ರದ ನಾರಾಯಣಪೇಟೆಯಾಕಿ, ನೇಕಾರರಿಗೆ ಡಿಸೈನ್ ಹಾಕಿಕೊಡಾಕಿ. ಕೋಡು ಬರಿಯೋದು ಕಲ್ತಿದ್ದೇ ಅವರ ಕೋಡು ಕೆದರಿ ಕೆದರಿ. ಹಾಳು ಮೂಳು ಬರದು ಕಳಿಸಿದ್ರೂ ಬೈತಿರಲಿಲ್ಲ, ತಿದ್ದಿ ಕಳಸೋರು. ನನ್ನ ‘ಚೆಲ್ಲೆ’ ಅಂತ ಕರೀತಾರ, ತೆಲುಗಿನಾಗ ತಂಗಿ ಅಂದಂಗ.

ಬಟನ್ ಎಲ್ಲಾ ತೆಲುಗಿನಾಗ ಇದ್ವು. ಕನ್ನಡ ಶಾಲಿ ಓದಿದ ನಮ್ಮ ಓಣಿ ಹೆಣ್ಮಕ್ಕಳು ತಡವರಸ್ತಿದ್ರು. ಮ್ಯಾಲ, ನಮ್ಮಲ್ಲಿ ಮಗ್ಗಕ್ಕ ಉದ್ದಕ ಕಟ್ಟಿದ ಎಳಿ, ಅದೇ ಹಾಸು, ಅದೊಂದರ ಮ್ಯಾಲೆ ಎಂಟು ಸೀರಿ ಇಳೀತಾವ, ಆ ಲೆಕ್ಕ ಅದಕ್ಕ ಬರ್ತಿರಲಿಲ್ಲ. ಎರಡೂ ಸೇರಸ್ರಿ ಅಂತ ಕೇಳ್ದೆ.

“ತಡಿ ಚೆಲ್ಲೆ, ಕೆಚ್ಚೋ ಭಾಗ ಮುಗೀಲಿ, ಆಮ್ಯಾಲ ನಿಂದು ನೋಡ್ತೀನಿ,” ಅಂದ್ರು.

ಗದ್ವಾಲ ಸೀರಿಗೆ ಮೈ ಹತ್ತಿ, ಸೆರಗು ರೇಷ್ಮಿ. ಹತ್ತಿ ಎಳಿ ಮುಗಿಯೋ ಕಡೆ ರೇಷ್ಮಿ ಎಳಿ ಒಂದೊಂದೇ ಹೊಸದು ಕೂಡಸ್ಬೇಕು. ಅದನ್ನ ಕೆಚ್ಚೋದು ಅಂತೀವಿ. ಯಾವ ಎಳಿಗೆ ಯಾವ ಎಳಿ ಅನ್ನೋ ಲೆಕ್ಕ ಹಾಕಿ ಅಲ್ಲಿ ಹೆಣ್ಮಕ್ಕಳ ಕಣ್ಣೇ ಹೋಗ್ತಾವ. ಅದು ನನಗ ಗೊತ್ತಿತ್ತು. ಆದ್ರ ನಾನು ಮೊದಲೇ ಮುಂಗೋಪಿ, ‘ತಡಿ’ ಅಂದಿದ್ದೇ ತಡ, ಮೈಯೆಲ್ಲಾ ಉರೀತು. ಅವತ್ತೇ ಫೋರ್ಕ್ ಮಾಡಿಬಿಟ್ಟೆ.

“ಅಕ್ಕಾರ ಕೂಡ ಬ್ಯಾರೆ ಆದೆ,” ಅಂತ ಅವ್ವಗ ಹೇಳಿದ್ರ, “ಏನೇನು ಹಂಚಿಕೊಂಡ್ರಿ?” ಅಂದ್ಲು.

“ಏನೂ ಇಲ್ಲ. ಅವರದು ಅವರ ಹತ್ರ ಪೂರಾ ಐತಿ, ನನ್ನ ಹತ್ರಾನೂ ಪೂರಾ ಐತಿ.”

“ಯವ್ವಾ! ಹಂಗಾರ ಬ್ಯಾರೆ ಯಾಕ ಆದ್ರಿ?”

ನಾನು ನಕ್ಕು ಕೋಡು ಬರಿಯಾಕ ಕುಂತೆ.

ಖರೇ ಹೇಳ್ಬೇಕಂದ್ರ ಫಾಯ್ದೆ ಭಾಳ ಆತು. ಯಾರನ್ನೂ ಕೇಳೋದಿಲ್ಲ, ಕಾಯೋದಿಲ್ಲ. ಬಟನ್ ಎಲ್ಲಾ ಕನ್ನಡ ಆದ್ವು, ಎಂಟು ಸೀರಿ ಲೆಕ್ಕ ಬಂತು. ನಮ್ಮ ಸೀರಿಗೆ ಮೈ ಸೆರಗು ಒಂದೇ ಹಾಸಿನಾಗ ಬರ್ತಾವ, ಅರ್ಧಾ ಆಗಿದ್ದ ಕೆಚ್ಚೋ ಭಾಗ ನಮಗ ಬೇಕಿರಲಿಲ್ಲ, ಭಾರ ಅಂತ ತಗದು ಒಗದೆ. ಅಕ್ಕಾರ ಹತ್ರ ತಪ್ಪು ಹುಡುಕಿ ಹೇಳ್ತಿದ್ದವರು, ಕೂಡಿ ತಿದ್ದತಿದ್ದವರು, ಒಬ್ಬೊಬ್ಬರೇ ನನ್ನ ಕಡೆ ಬಂದ್ರು. ನಾನು ಉಬ್ಬಿಹೋದೆ. ಅವರ ಹಿಂದ ಅಲ್ಲಿ ಯಾರು ಉಳದ್ರು ಅಂತ ಒಮ್ಮೆನೂ ಹೊಳ್ಳಿ ನೋಡಲಿಲ್ಲ.

ಮೊನ್ನೆ ಅಕ್ಕಾರ ಫೋನ್ ಬಂತು. “ನಿಂದರಾಗ ಒಂದು ತಿಳೀವಲ್ದು, ಬಂದು ಹೋಗು.” ಜಗಳ ತಗೀತಾರ ಅಂತ ಮಕ್ತಲದಾಗ ಬಸ್ ಬದಲಿಸೋತನಾ ಉತ್ತರ ಕಟ್ಟಿಕೊಂತ ಹೋದೆ. ಪರವಾನಗಿ ನೀವೇ ಕೊಟ್ಟೀರಲ್ಲ, ಅದು, ಇದು.

ಅವರ ಪಡಸಾಲ್ಯಾಗ ಓಣಿ ಹೆಣ್ಮಕ್ಕಳು ಚೌಕಳಿ ಹಾಳಿ ತೊಡಿ ಮ್ಯಾಲ ಇಟ್ಕೊಂಡು ಪೆನ್ಸಿಲ್ಲಿನಿಂದ ಎಳಿ ಲೆಕ್ಕ ಹಾಕ್ತಿದ್ರು. ಅಕ್ಕಾರ ಫೋನಿನಾಗ ಇದ್ದಿದ್ದು ನನ್ನ ಸಾಫ್ಟ್‌ವೇರ್.

“ನಂದು ಹೊಸ ಫೋನಿನಾಗ ತೆರೀವಲ್ದು ಚೆಲ್ಲೆ. ಕೆಚ್ಚೋ ಭಾಗ ಮುಗಿಸೋ ಹೊತ್ತಿಗೆ, ನಡಸಿ ನೋಡಿ ಹೇಳಾಕ ಯಾರೂ ಉಳದಿರಲಿಲ್ಲ. ಒಬ್ಬಾಕಿಗೆ ಎಲ್ಲಾ ನೀಗಲಿಲ್ಲ. ಅದಕ್ಕ ಇವರಿಗೆಲ್ಲಾ ನಿಂದೇ ಹಾಕ್ಸೀನಿ. ಚಲೋ ಮಾಡೀದಿ,” ಅಂದ್ರು. ಕೊಂಕಿನ ಮಾತಲ್ಲ. ಅದೇ ನನಗ ತಡಕೊಳ್ಳಾಕ ಆಗಲಿಲ್ಲ.

“ನಮಗ್ಯಾರಿಗೂ ಕನ್ನಡ ಓದಾಕ ಬರಂಗಿಲ್ಲ, ಬಟನ್ ಎಲ್ಲಾ ಬಾಯಿಪಾಠ ಮಾಡಿಸೀನಿ. ಇದೊಂದು ಏನಂತ ಗೊತ್ತಾಗ್ವಲ್ದು, ಓದು.”

ಓದಿದೆ. “ಕೆಚ್ಚು.”

ಹೆಣ್ಮಕ್ಕಳೆಲ್ಲಾ ಪೆನ್ಸಿಲ್ ನಿಲ್ಲಿಸಿ ತಲಿ ಎತ್ತಿದ್ರು. ಅಕ್ಕಾರ ಮುಖ ಅರಳ್ತು. ಒತ್ತಿದ್ರು. ಏನೂ ಆಗಲಿಲ್ಲ. ಮತ್ತ ಒತ್ತಿದ್ರು.

“ನೆಟ್ ಇಲ್ಲೇನೋ,” ಅಂತ ಫೋನ್ ಹಿಡಕೊಂಡು ಕಿಟಕಿ ಹತ್ರ ಹೋದ್ರು.

“ನೆಟ್ ಐತ್ರಿ ಅಕ್ಕಾರ. ಆ ಬಟನ್ ಹಿಂದ ಏನೂ ಇಲ್ಲ. ನಾನೇ ತಗದು ಒಗದೀನಿ. ಬಟನ್ ತಗಿಯೋದು ಮರತೀನಿ.”

ಬೈದಿದ್ರ ಬದಕ್ತಿದ್ದೆ. ಅವರು ಕಿಟಕಿಯಿಂದ ಹೊಳ್ಳಿ ಬಂದ್ರು. “ನೀ ಒಗದಿದ್ದು ನನ್ನ ಹತ್ರ ಐತಲ್ಲ,” ಅಂದ್ರು. “ತಗೊಂಡು ಹೋಗಿ ಕೆಚ್ಚು.”

ಅದನ್ನೇ ಕೆಚ್ಚಾಕ ಕುಂತೀನಿ. ಕೂಡವಲ್ದು. ಕೋಡಿನಾಗ ಅವರು ಇಟ್ಟ ಹೆಸರೆಲ್ಲಾ ಉಮೇದಿನಾಗ ಬದಲಿಸಿಬಿಟ್ಟಿದ್ದೆ. ಈಗ ಯಾವ ಎಳಿಗೆ ಯಾವ ಎಳಿ ಅನ್ನೋದು ನನಗೇ ತಿಳೀವಲ್ದು. ಫೋನ್ ಮಾಡಿ, ಇನ್ನೊಂದಿಷ್ಟು ದಿನ ತಡೀರಿ ಅಂತ ಕೇಳ್ದೆ.

“ಆತು ಚೆಲ್ಲೆ, ತಡೀತೀವಿ,” ಅಂದ್ರು.