ಎಡಕ್ಕೆ ಎಳೆಯುತ್ತಿದ್ದ ಪಿಕಪ್ಪು ಮತ್ತು ಫಕೀರಪ್ಪ ಮೇಸ್ತ್ರಿ

ಫಕೀರಪ್ಪ ಮೇಸ್ತ್ರಿ ರಿಪೇರಿಗೆ ಬಂದ ಗಾಡಿಯನ್ನು ಮೊದಲು ಹಿಂದಿನಿಂದ ನೋಡುತ್ತಿದ್ದರು. ಬಾನೆಟ್ ಎತ್ತುವುದು, ಸ್ಟಾರ್ಟ್ ಮಾಡಿಸುವುದು ಎಲ್ಲ ಆಮೇಲೆ. ಇಪ್ಪತ್ತು ಹೆಜ್ಜೆ ಹಿಂದಕ್ಕೆ ಹೋಗಿ, ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿಕೊಂಡು, ಬಾಯಲ್ಲಿದ್ದ ಬೀಡಿ ಮುಗಿಯುವವರೆಗೆ ಗಾಡಿಯ ಬೆನ್ನನ್ನೇ ದಿಟ್ಟಿಸುತ್ತಿದ್ದರು. ಬೀಡಿ ಮುಗಿದ ಮೇಲೆ ಅವರೇ ಒಂದು ಪ್ರಶ್ನೆ ಕೇಳುತ್ತಿದ್ದರು, ಅದಕ್ಕೂ ಗಾಡಿಗೂ ಏನು ಸಂಬಂಧ ಎನ್ನಿಸುತ್ತಿತ್ತು.

ಶಿರಹಟ್ಟಿ ಕಡೆಯವರು. ಸೈನ್ಯದ ವರ್ಕ್‌ಶಾಪಿನಲ್ಲಿ ಕೆಲಸ ಕಲಿತು, ಅಲ್ಲಿಂದ ಬಿಟ್ಟು ಬಂದವರು ಊರಿಗೆ ಹೋಗದೆ ಬರೋಡಾದ ಗೋರ್ವಾದಲ್ಲಿ ಒಂದು ತಗಡಿನ ಶೆಡ್ಡು ಹಾಕಿಕೊಂಡಿದ್ದರು. ಸುತ್ತಲಿನ ಗುಜರಾತಿಗಳಿಗೆ ಅವರು ‘ಫಕೀರಭಾಯಿ’. ಹೆಸರು ಕೇಳಿ ಅರ್ಧ ಜನ ಅವರನ್ನು ಮುಸಲ್ಮಾನರೆಂದುಕೊಂಡಿದ್ದರು, ಇನ್ನರ್ಧ ಜನಕ್ಕೆ ಅವರ ಹಣೆಯ ವಿಭೂತಿ ಕಂಡು ಗೊಂದಲ. ನೀವೇಕೆ ತಿದ್ದಿ ಹೇಳುವುದಿಲ್ಲ ಎಂದು ಒಮ್ಮೆ ಕೇಳಿದ್ದೆ.

“ಎರಡೂ ಹಬ್ಬಕ್ಕ ಸಿಹಿ ತಂದು ಕೊಡ್ತಾರ. ತಿದ್ದಿ ಏನ್ ಮಾಡ್ಲಿ, ರಾಯರ?” ಎಂದಿದ್ದರು.

ನಾನು ಮೈಸೂರು ಕಡೆಯಿಂದ ಕೇಂದ್ರ ಸರ್ಕಾರದ ಒಂದು ಸರ್ವೆ ಕಚೇರಿಗೆ ವರ್ಗವಾಗಿ ಬಂದವನು. ಅರವತ್ತರ ದಶಕದ ನಡುವಿನ ಮಾತು. ಬರೋಡಾದ ಅಲ್ಕಾಪುರಿಯಲ್ಲಿ ಕಚೇರಿ. ಉಗ್ರಾಣದ ಜೊತೆಗೆ ಗಾಡಿಗಳ ಉಸ್ತುವಾರಿಯನ್ನೂ ನನ್ನ ತಲೆಗೆ ಕಟ್ಟಿದ್ದರು. ನನಗೆ ಸೈಕಲ್ ಬಿಟ್ಟರೆ ಬೇರೇನೂ ಓಡಿಸಲು ಬಾರದು ಎಂಬುದನ್ನು ಯಾರೂ ವಿಚಾರಿಸಲಿಲ್ಲ, ನಾನೂ ಹೇಳಲಿಲ್ಲ.

ನಮ್ಮ ಪಿಕಪ್ ಟ್ರಕ್ಕು ಎಡಕ್ಕೆ ಎಳೆಯತೊಡಗಿದ್ದು ಒಂದು ಬೇಸಿಗೆಯಲ್ಲಿ. ಡ್ರೈವರ್ ಛಗನ್‌ಭಾಯಿ ಬಂದು, ಸ್ಟಿಯರಿಂಗನ್ನು ಬಲಕ್ಕೆ ಹಿಡಿದರೆ ಮಾತ್ರ ಗಾಡಿ ನೇರ ಹೋಗುತ್ತದೆ, ಮುಂದಿನ ಟೈರು ತಿಂಗಳಿಗೇ ಸವೆಯುತ್ತಿದೆ ಎಂದು ದೂರು ಹೇಳಿದ. ನಮ್ಮ ಸಣ್ಣಪುಟ್ಟ ಕೆಲಸವೆಲ್ಲ ಫಕೀರಪ್ಪನವರ ಶೆಡ್ಡಿನಲ್ಲೇ ನಡೆಯುತ್ತಿದ್ದರೂ, ನಮ್ಮ ಸಾಹೇಬರಿಗೆ ಚಕ್ರ ಸರಿಮಾಡುವ ಯಂತ್ರವೇ ಆಗಬೇಕಿತ್ತು. ಗಾಡಿ ಅಹಮದಾಬಾದಿಗೆ ಹೋಯಿತು. ಅಲ್ಲಿನ ದೊಡ್ಡ ಗ್ಯಾರೇಜಿನವರು ಯಂತ್ರಕ್ಕೆ ಹಚ್ಚಿ, ಮುಂದಿನ ಚಕ್ರಗಳು ಸರಿಯಾಗಿವೆ ಎಂದು ಅಚ್ಚು ಹಾಕಿದ ಕಾಗದ ಕೊಟ್ಟರು. ಗಾಡಿ ಎಡಕ್ಕೆ ಎಳೆಯುತ್ತಲೇ ವಾಪಸು ಬಂತು. ಮುಂದಿನ ತಿಂಗಳು ಸೂರತ್ತಿನಲ್ಲಿ ಕ್ಯಾಂಪು. ಅಲ್ಲಿಯ ಮೆಕ್ಯಾನಿಕ್ಕು ಅಹಮದಾಬಾದಿನ ಕಾಗದ ನೋಡಿ ನಕ್ಕು, ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಿ, ತನ್ನದೊಂದು ಕಾಗದ ಕೊಟ್ಟ. ಈಗ ಗಾಡಿ ಎಡಕ್ಕೂ ಎಳೆಯುತ್ತಿತ್ತು, ಸ್ಟಿಯರಿಂಗೂ ಬಿಗಿಯಾಗಿತ್ತು. ಎರಡೂ ಕಾಗದಗಳಲ್ಲಿ ಬೇರೆ ಬೇರೆ ಅಳತೆ, ಎರಡರ ಕೆಳಗೂ ‘ಸರಿಯಾಗಿದೆ’ ಎಂಬ ಒಂದೇ ಮಾತು. ಯಾವುದನ್ನು ನಂಬಬೇಕೆಂದು ತಿಳಿಯದೆ ಎರಡನ್ನೂ ಫೈಲಿಗೆ ಹಾಕಿದೆ.

ಸೂರತ್ತಿನಿಂದ ಹಿಂದಿರುಗುವಾಗ ಎದುರಿಗೆ ಬಂದ ಎಮ್ಮೆಗಳನ್ನು ತಪ್ಪಿಸಲು ಛಗನ್‌ಭಾಯಿ ಬ್ರೇಕು ಒತ್ತಿದ. ಗಾಡಿ ಎಡಕ್ಕೆ ತಿರುಗಿ ಮೋರಿಯ ಕಟ್ಟೆಗೆ ಬಡಿಯಿತು. ಅವನ ಹಣೆ ಒಡೆಯಿತು. ಹಿಂದೆ ಪೆಟ್ಟಿಗೆಯಲ್ಲಿದ್ದ ಸರ್ವೆಯ ದುರ್ಬೀನು ಚೂರಾಯಿತು. ವಿದೇಶದಿಂದ ತರಿಸಿದ್ದು ಅದು. ಸಾಹೇಬರು ಎರಡು ಗ್ಯಾರೇಜಿನ ಕಾಗದಗಳನ್ನು ಮುಂದಿಟ್ಟುಕೊಂಡು, “ಚಕ್ರ ಸರಿ ಇತ್ತು ಅಂತ ಇಬ್ಬರು ಬರೆದುಕೊಟ್ಟಿದ್ದಾರೆ. ತಪ್ಪು ಡ್ರೈವರನದು. ನೀವು ವರದಿ ಬರೆಯಿರಿ, ಇವನನ್ನು ಮನೆಗೆ ಕಳಿಸೋಣ” ಎಂದರು.

ಛಗನ್‌ಭಾಯಿ ಹಣೆಗೆ ಪಟ್ಟಿ ಕಟ್ಟಿಕೊಂಡು ನನ್ನ ಮೇಜಿನ ಮುಂದೆ ನಿಂತ. “ನಾನು ಬಲಕ್ಕೇ ಹಿಡಿದಿದ್ದೆ ಸಾಬ್. ಗಾಡಿ ಕೇಳಲಿಲ್ಲ. ಶುಂ ಕರೂಂ?” ಏನು ಮಾಡಲಿ ಎಂದು ಅವನು ಕೇಳುತ್ತಿದ್ದ. ವರದಿಗೆ ಎರಡು ದಿನ ಸಮಯ ಕೇಳಿಕೊಂಡು ಗಾಡಿಯನ್ನು ಗೋರ್ವಾಕ್ಕೆ ಎಳೆಸಿಕೊಂಡು ಹೋದೆ.

ಫಕೀರಪ್ಪನವರು ತಮ್ಮನ್ನು ಬಿಟ್ಟು ಅಹಮದಾಬಾದಿಗೇಕೆ ಹೋದಿರಿ ಎಂದು ಕೇಳಲಿಲ್ಲ. ಜಜ್ಜಿದ ಮುಂಭಾಗದ ಕಡೆ ತಿರುಗಿಯೂ ನೋಡದೆ ಹಿಂದೆ ಹೋಗಿ ಕೂತರು. ಬೀಡಿ ಮುಗಿಯಿತು.

“ರಾಯರ, ನಾಯಿ ಓಡೋದು ನೋಡೀರೇನು?”

“ನೋಡಿದ್ದೀನಿ.”

“ಮುಖ ಒಂದು ಕಡೆ, ಹಿಂದಿನ ಕಾಲು ಒಂದು ಕಡೆ. ಹೌದಿಲ್ಲೋ?”

ಎಳೆಯುತ್ತಿರುವುದು ಮುಂದಿನ ಚಕ್ರ, ನೀವು ನಾಯಿಯ ಹಿಂಗಾಲಿನ ಮಾತಾಡುತ್ತೀರಲ್ಲ ಎಂದೆ. ಮುಂದಿನ ಚಕ್ರಗಳು ಪೂರ್ತಿ ನೇರವಾಗಿರಬೇಕು ತಾನೆ ಎಂದೂ ಸೇರಿಸಿದೆ. ಅವರು ಎದ್ದು ನಿಂತು ತಮ್ಮ ಎರಡು ಪಾದಗಳ ತುದಿಗಳನ್ನು ಒಂದಿಷ್ಟು ಒಳಕ್ಕೆ ತಿರುಗಿಸಿ ತೋರಿಸಿದರು.

“ಹಿಂಗ ಇರಬೇಕು. ನಿಂತಾಗ ಚೂರು ಒಳಗ. ಓಡುವಾಗ ಹೊರಗ ತೆರಕೋತಾವ, ಆವಾಗ ನೆಟ್ಟಗ ಆಗ್ತಾವ.”

ನೇರವಾಗಿ ಓಡಬೇಕಾದರೆ ಸೊಟ್ಟಗೆ ನಿಲ್ಲಬೇಕು ಎಂಬ ಮಾತು ನನ್ನ ತಲೆಗೆ ಆ ದಿನ ಹತ್ತಲಿಲ್ಲ. ಇವತ್ತಿಗೂ ಪೂರ್ತಿ ಹತ್ತಿದೆ ಎಂದು ಹೇಳಲಾರೆ.

ಅವರು ಅಂಗಳಕ್ಕೆ ನಾಲ್ಕು ಬಕೆಟ್ ನೀರು ಸುರಿದು ಕೆಸರು ಮಾಡಿದರು. ಗಾಡಿ ಹೇಗೋ ಉರುಳುವ ಸ್ಥಿತಿಯಲ್ಲಿತ್ತು. ಛಗನ್‌ಭಾಯಿ ಅದನ್ನು ಕೆಸರಿನ ಮೇಲೆ ನಿಧಾನವಾಗಿ ದಾಟಿಸಿ ಒಣ ನೆಲಕ್ಕೆ ತಂದ. ನೆಲದಲ್ಲಿ ನಾಲ್ಕು ಗೆರೆಗಳು ಮೂಡಿದ್ದವು. ಹಿಂದಿನ ಚಕ್ರದ ಗೆರೆಗಳು ಮುಂದಿನವುಗಳ ಮೇಲೆ ಬೀಳದೆ, ಮೂರು ಬೆರಳಿನಷ್ಟು ಬಲಕ್ಕೆ ಬಿದ್ದಿದ್ದವು. ಬಳಿಕ ಉತ್ತರಾಯಣದ ಹಬ್ಬದಲ್ಲಿ ಉಳಿದ ಗಾಳಿಪಟದ ದಾರ ತಂದು ಒಂದು ತುದಿಯನ್ನು ನನ್ನ ಕೈಗೆ ಕೊಟ್ಟರು. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನವರೆಗೆ ಎಡಗಡೆ ಅಳೆದು ಗಂಟು ಹಾಕಿದರು. ಅದೇ ದಾರವನ್ನು ಬಲಗಡೆ ಹಿಡಿದರೆ ಹೆಬ್ಬೆರಳಿನಷ್ಟು ಕಡಿಮೆ ಬಿತ್ತು.

“ಒಂದೇ ಗಾಡಿ ಬಲಗಡೆ ಮಾತ್ರ ಹೇಗೆ ಉದ್ದ ಆಗುತ್ತೆ?” ಎಂದೆ. ದಾರ ಜಗ್ಗಿರಬೇಕೆಂದು ಮೂರು ಸಲ ಅಳೆಸಿದೆ. ಮೂರು ಸಲವೂ ಅಷ್ಟೇ.

“ಹಿಂದಿನ ಆಕ್ಸಲ್ಲು ಬಲಗಡೆ ಹಿಂದಕ್ಕ ಸರದೈತಿ. ಮುಂದಿನ ಚಕ್ರ ಎಷ್ಟು ತಿದ್ದಿದ್ರೂ ಹಿಂದಿಂದು ಮುಖಾನ ಎಡಕ್ಕ ದೂಡತೈತಿ.”

ಬಲಗಡೆಯ ಹಿಂದಿನ ಸ್ಪ್ರಿಂಗ್ ಪಟ್ಟಿಗಳನ್ನು ಬಿಚ್ಚಿದರು. ಅವುಗಳನ್ನು ಒಟ್ಟಿಗೆ ಹಿಡಿದು ಆಕ್ಸಲ್ಲಿನ ಜಾಗ ಕಾಯುವ ನಡುವಿನ ಬೋಲ್ಟು ಎರಡು ತುಂಡಾಗಿ ಕೈಗೆ ಬಂತು. ಛಗನ್‌ಭಾಯಿ ಎರಡೂ ಕೈ ಮೇಲೆತ್ತಿ ದೇವರಿಗೆ ಮುಗಿದ. ಫಕೀರಪ್ಪನವರು ಮಾತ್ರ ಆ ತುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಇದು ನನ್ನ ಕೈಕೆಲಸ, ರಾಯರ,” ಎಂದರು.

ಹಿಂದಿನ ವರ್ಷ ಅದೇ ಸ್ಪ್ರಿಂಗಿನ ಒಂದು ಪಟ್ಟಿ ಮುರಿದಿತ್ತು. ಹೊಸ ಪಟ್ಟಿ ಸಿಕ್ಕರೂ ಸರಿಯಾದ ಬೋಲ್ಟು ಸಿಕ್ಕಿರಲಿಲ್ಲ. ಯಾವುದೋ ಮಾಮೂಲಿ ಬೋಲ್ಟಿಗೆ ಅರ ಹಾಕಿ ತಿಕ್ಕಿ ಕೂಡಿಸಿದ್ದರು, ಆಮೇಲೆ ಬದಲಾಯಿಸೋಣವೆಂದು. ಗಾಡಿ ಕ್ಯಾಂಪಿಗೆ ಹೋಯಿತು, ಮರೆತುಹೋಯಿತು. ಅವರು ಇಷ್ಟು ಹೇಳುವಾಗ ನನಗೆ ಆ ದಿನ ನೆನಪಾಯಿತು. ಎರಡು ದಿನ ತಾಳಿರಿ, ಅಹಮದಾಬಾದಿನಿಂದ ಬೋಲ್ಟು ತರಿಸುತ್ತೇನೆ ಎಂದು ಅವರು ಹೇಳಿದ್ದರು. ಅದೆಲ್ಲ ಆಗುವುದಿಲ್ಲ, ಸಂಜೆಯೊಳಗೆ ಗಾಡಿ ಬೇಕು ಎಂದವನು ನಾನು.

ವರದಿಯಲ್ಲಿ ‘ಹಳೆಯದಾದ ಬೋಲ್ಟು ಸವೆದು ತುಂಡಾಗಿದೆ’ ಎಂದು ಬರೆದೆ. ಸುಳ್ಳು ಬರೆದೆನೋ, ಮೂವರನ್ನು ಉಳಿಸಿದೆನೋ ನನಗೇ ಸ್ಪಷ್ಟವಿರಲಿಲ್ಲ. ತುಂಡುಗಳನ್ನು ತೋರಿಸಲೆಂದು ಫಕೀರಪ್ಪನವರನ್ನು ಕಚೇರಿಗೆ ಕರೆದುಕೊಂಡು ಹೋದೆ. ಸಾಹೇಬರು ಓದಿ, ಹಾಗಾದರೆ ಡ್ರೈವರನದು ತಪ್ಪಿಲ್ಲ ಎಂದು ಪೆನ್ನು ತೆಗೆದರು. ಅಲ್ಲಿಗೆ ಮುಗಿಯಬೇಕಿತ್ತು.

“ಹಳೇದಲ್ಲ ಸಾಹೇಬ್,” ಎಂದರು ಫಕೀರಪ್ಪ, ತಮ್ಮ ಸೈನ್ಯದ ಹಿಂದಿಯಲ್ಲಿ. “ಹೋದ ವರ್ಷ ನಾನೇ ಹಾಕಿದ್ದು. ತಪ್ಪು ಬೋಲ್ಟು.”

ಸಾಹೇಬರು ನನ್ನ ಕಡೆ ನೋಡಿದರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಫಕೀರಪ್ಪನವರು, “ಯಾರೂ ಹೇಳಿ ಮಾಡಿಸಿದ್ದಲ್ಲ,” ಎಂದುಬಿಟ್ಟರು. ನಾನು ತೆರೆದ ಬಾಯಿ ಮುಚ್ಚಿದೆ.

ಛಗನ್‌ಭಾಯಿಯ ಕೆಲಸ ಉಳಿಯಿತು. ಇನ್ನು ಮುಂದೆ ಕಚೇರಿಯ ಯಾವ ಗಾಡಿಯೂ ಆ ಶೆಡ್ಡಿಗೆ ಹೋಗಕೂಡದೆಂದು ಆದೇಶವಾಯಿತು. ಅದನ್ನು ಟೈಪು ಮಾಡಿದವನು ನಾನೇ.

ವಾರದ ಮೇಲೆ ಸೈಕಲ್ ಹತ್ತಿ ಗೋರ್ವಾಕ್ಕೆ ಹೋದೆ. ನಾನು ಅವಸರ ಮಾಡಿದ್ದನ್ನು ಏಕೆ ಮುಚ್ಚಿಟ್ಟಿರಿ ಎಂದು ಕೇಳಿದೆ.

“ಅವಸರ ಮಾಡಿದ್ರಿ, ಖರೇ. ಒಲ್ಲೆ ಅನ್ನಾಕ ನನಗ ಬಾಯಿ ಇದ್ದಿಲ್ಲೇನು?” ಎಂದು ಚಹಾದ ಲೋಟ ನನ್ನ ಮುಂದಿಟ್ಟರು. “ಕುಡೀರಿ, ಆರತೈತಿ.”

ಸಿಟ್ಟಿದ್ದರೆ ತೋರಿಸಬಹುದಿತ್ತು. ಕ್ಷಮಿಸಿದ್ದರೆ ಹೇಳಬಹುದಿತ್ತು. ಎರಡೂ ಇಲ್ಲದ ಆ ಮುಖವನ್ನು ನೋಡುತ್ತ ನಾನು ಚಹಾ ಕುಡಿದೆ. ಅದೇ ಅವರನ್ನು ಕೊನೆಯ ಬಾರಿ ಕಂಡದ್ದು ಎಂದು ಆಗ ಹೇಗೆ ಗೊತ್ತಾಗಬೇಕು?

ಮಳೆಗಾಲ ಕಳೆಯಿತು. ಒಂದು ಬೆಳಿಗ್ಗೆ, ಇನ್ನು ತಡೆಯಲಾಗದು ಎನ್ನಿಸಿ ಸಾಹೇಬರ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿ, “ಆ ಫೈಲು ಮುಗಿದಿದೆಯಲ್ಲ, ಈಗ ಯಾಕೆ?” ಎಂದರು. ನಾನು ಅಂದು ಟೈಪು ಮಾಡಿದ್ದ ಆದೇಶದ ಪ್ರತಿಯನ್ನು ಅವರ ಮುಂದಿಟ್ಟೆ. ಕೊನೆಗೆ ಅವರೇ, “ಆಯಿತು, ಆ ಆದೇಶ ತೆಗೆದುಹಾಕಿ. ನಿಮಗೊಂದು ಮೆಮೊ ಕೊಡಬೇಕಾಗುತ್ತೆ,” ಎಂದರು. ಮೆಮೊ ಸಿಗುತ್ತದೆಂದು ಅಷ್ಟು ಹಗುರಾಗಿ ಯಾರೂ ಹೊರಗೆ ಬಂದಿರಲಿಕ್ಕಿಲ್ಲ. ಛಗನ್‌ಭಾಯಿಗೆ ಗಾಡಿ ತೆಗೆಯಲು ಹೇಳಿ ನೇರವಾಗಿ ಗೋರ್ವಾಕ್ಕೆ ಹೊರಟೆ.

ಶೆಡ್ಡಿಗೆ ಬೀಗ. ಪಕ್ಕದ ಹಿಟ್ಟಿನ ಗಿರಣಿಯವನು ಮೈಗೆಲ್ಲ ಹಿಟ್ಟು ಮೆತ್ತಿಕೊಂಡು ಹೊರಗೆ ಬಂದು, ಫಕೀರಭಾಯಿ ಸಾಮಾನು ಮಾರಿ ಹೋಗಿ ಹತ್ತು ದಿನವಾಯಿತು ಎಂದ. ಎಲ್ಲಿಗೆ ಎಂದರೆ, ದಕ್ಷಿಣಕ್ಕೆ ಎಂದ. ಊರಿಗೋ ಎಂದರೆ, ಇರಬಹುದು, ಯಾವುದೋ ಲಾರಿ ಕಂಪನಿ ಅಂತಲೂ ಹೇಳುತ್ತಿದ್ದ ಎಂದ. ವಿಳಾಸ ಅವನಲ್ಲಿ ಇರಲಿಲ್ಲ.

ಗಾಡಿಗೆ ಹಿಂದಿರುಗಿ ಕೂತೆ. ಯಾರಿಗಾದರೂ ಹೇಳಲೇಬೇಕಿತ್ತು, ಛಗನ್‌ಭಾಯಿಗೆ ಹೇಳಿದೆ. ಆ ಸಂಜೆ ಗಾಡಿ ಬೇಕೆಂದು ಹಟ ಹಿಡಿದು ಆ ಬೋಲ್ಟು ಹಾಕಿಸಿದವನು ನಾನು ಎಂದೆ.

“ಗೊತ್ತು ಸಾಬ್,” ಎಂದ ಅವನು. “ಅವತ್ತು ಗಾಡಿ ತಂದು ನಿಲ್ಲಿಸಿದವನು ನಾನೇ ಅಲ್ಲವೇ? ಪಕ್ಕದಲ್ಲೇ ಇದ್ದೆ.”

“ಮತ್ತೆ ಸಾಹೇಬರ ಮುಂದೆ ಏಕೆ ಹೇಳಲಿಲ್ಲ?”

“ಫಕೀರಭಾಯಿ ಬೇಡ ಅಂದ್ರು. ರಾವ್‌ಸಾಬ್ ತಾವೇ ಹೋಗಿ ಹೇಳ್ತಾರೆ, ಸ್ವಲ್ಪ ಟೈಮ್ ಕೊಡು ಅಂದ್ರು.”

ಅವನು ಎಂಜಿನ್ ಸ್ಟಾರ್ಟ್ ಮಾಡಿ, ಗೇರಿನ ಮೇಲೆ ಕೈಯಿಟ್ಟು, ಆಫೀಸಿಗೋ ಮನೆಗೋ ಎಂದು ಕೇಳಿದ. ನಾನು ಬೀಗದ ಕಡೆಗೇ ನೋಡುತ್ತಿದ್ದೆ.